ದೊಡ್ಡವ್ವ ಅಡ್ಡ ಬಂದ ಫೋಟೊ

ಹೊಳಲ್ಕೆರೆಯಲ್ಲಿ ತೀರಿಕೊಂಡ ಹೆಂಗಸರೆಲ್ಲ ಒಂದೇ ಸೀರೆ ಉಡುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ನವಿಲು ಬಣ್ಣದ ರೇಷ್ಮೆ ಸೀರೆ, ಅಂಗೈ ಅಗಲದ ಜರಿ ಅಂಚು, ಕೊರಳಲ್ಲಿ ಎರಡೆಳೆ ಸರ. ಬಸ್ ನಿಲ್ದಾಣದ ಹಿಂದಿನ ಸ್ಟುಡಿಯೊದವನ ಕಂಪ್ಯೂಟರಿನಲ್ಲಿ ಆ ಸೀರೆ ಉಟ್ಟ ಒಂದು ಮೈ ಇದೆ, ತಲೆ ಇಲ್ಲ. ಮನೆಯವರು ಕಣ್ಣೊರೆಸಿಕೊಳ್ಳುತ್ತಾ ರೇಷನ್ ಕಾರ್ಡಿನ ಫೋಟೊ ತಂದುಕೊಟ್ಟರೆ ಅವನು ಆ ಮುಖ ಕತ್ತರಿಸಿ ಈ ಮೈಮೇಲೆ ಕೂರಿಸುತ್ತಾನೆ. ಗಂಡಸರಿಗೆ ಬೇರೆ ಮೈ ಉಂಟು, ನೀಲಿ ಕೋಟು, ಕೆಂಪು ಟೈ. ಹಿಂದೆ ಬೇಕಾದರೆ ಜಲಪಾತ, ಬೇಡವಾದರೆ ಮೋಡ. ಸಂಜೆಯೊಳಗೆ ಕಟ್ಟು ಹಾಕಿ, ಗಾಜು ಒರೆಸಿ, ಕಾಗದ ಸುತ್ತಿ ಕೊಡುತ್ತಾನೆ. ಪುಣ್ಯಾತ್ಮ, ಊರಿನ ಯಾರನ್ನೂ ಬಡವರಾಗಿ ಮೇಲಕ್ಕೆ ಕಳಿಸಿದವನಲ್ಲ.

ಇದನ್ನು ಮೊದಲು ಪತ್ತೆಮಾಡಿದ್ದು ನನ್ನ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ. ಗಂಡ ಹೋದ ಮೇಲೆ ಮಗ ಸೊಸೆಯ ಜೊತೆ ಹೊಳಲ್ಕೆರೆಯಲ್ಲೇ ಇದ್ದಳು. ಮಗ ಪೇಟೆಬೀದಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ನನಗೆ ಅವನು ಅಣ್ಣ. ದೊಡ್ಡವ್ವ ಮದುವೆ ಬೇಕಾದರೆ ತಪ್ಪಿಸಿಯಾಳು, ಸಾವಿನ ಮನೆ ತಪ್ಪಿಸುವವಳಲ್ಲ. ಹಾಗೆ ಹೋದಹೋದ ಮನೆಗಳಲ್ಲಿ ಗೋಡೆಯ ಪಟಗಳನ್ನು ನೋಡಿ ನೋಡಿ ಅವಳಿಗೆ ಗುಮಾನಿ ಬಂದಿತ್ತು. ನಾನು ಚಿತ್ರದುರ್ಗದಿಂದ ಒಂದು ಭಾನುವಾರ ಅವಳನ್ನು ನೋಡಲು ಹೋದಾಗ, ಕಾಲು ತೊಳೆಯುವುದಕ್ಕೂ ಬಿಡದೆ ವರದಿ ಒಪ್ಪಿಸಿದಳು.

"ಲೇ, ನಮ್ಮ ನಾದಿನಿ ಸತ್ತಾಗ ಹಾಕಿರೋ ಪಟ ನೋಡಿದೀಯೇನೆ? ಜನ್ಮದಾಗೆ ಅಂಥ ಸೀರೆ ಕಂಡೋಳಲ್ಲ ಅವ್ಳು. ಎದುರುಮನಿ ಅಜ್ಜಿಗೂ ಅದೇ ಸೀರೆ, ಮೂಲೆಮನಿ ಟೀಚರಮ್ಮಂಗೂ ಅದೇ ಸೀರೆ. ಮ್ಯಾಲೆ ಹೋದ್ರೆ ಇವ್ರನ್ನ ಯಾರ್ಯಾರು ಅಂತ ಗುರ್ತು ಹಿಡಿಯೋದು ಹೆಂಗೆ?"

ನಾನು ನಕ್ಕೆ. ಅವಳು ನಗಲಿಲ್ಲ. ನಡುಮನೆಯ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಅವಳ ಅತ್ತೆ, ಮಾವ, ಭಾವ ಎಲ್ಲರ ಪಟಗಳ ಸಾಲಿನಲ್ಲಿ ಕೊನೆಗೆ ದೊಡ್ಡಪ್ಪ ಇದ್ದ, ನೀಲಿ ಕೋಟು, ಕೆಂಪು ಟೈ ಹಾಕಿಕೊಂಡು. ದೊಡ್ಡಪ್ಪ ನನಗೆ ನೆನಪಿರುವುದು ಬನಿಯನ್ನಿನಲ್ಲಿ, ಹೆಗಲ ಮೇಲೊಂದು ಟವಲ್ಲು. ಅಂಗಿಯನ್ನು ಅವನು ತಾಲ್ಲೂಕು ಕಚೇರಿಗೆ ಹೋಗುವಾಗ ಮಾತ್ರ, ಅದೂ ಅಲ್ಲಿ ಗದರಿಸುತ್ತಾರೆಂದು ಹಾಕಿಕೊಳ್ಳುತ್ತಿದ್ದ. ಸ್ಟುಡಿಯೊದವನು ಕೋಟಿನ ಜೊತೆಗೆ ಅವನ ಬಣ್ಣವನ್ನೂ ಎರಡು ಪಟ್ಟು ಬೆಳ್ಳಗೆ ಮಾಡಿ, ಕೆನ್ನೆಯ ಗಾಯದ ಗುರುತನ್ನು ಅಳಿಸಿಬಿಟ್ಟಿದ್ದ.

"ದಿನಾ ಬೆಳಿಗ್ಗೆ ಈ ಕೋಟಿನೋನಿಗೆ ಇಬೂತಿ ಹಚ್ತೀನಿ," ಅಂದಳು ದೊಡ್ಡವ್ವ. "ಹಚ್ಚಿ ಹಚ್ಚಿ ಏನಾಗೈತೆ ಗೊತ್ತೇನು? ಕಣ್ಣು ಮುಚ್ಚಿದ್ರೆ ಇವ್ನೇ ಬರ್ತಾನೆ. ನಿಮ್ಮ ದೊಡ್ಡಪ್ಪ ಬರಲ್ಲ. ಆ ಮುಖ ಮರ್ತೋಗ್ತಾ ಐತೆ ಕಣೇ ನಂಗೆ. ಮನ್ಯಾಗೆ ಬ್ಯಾರೆ ಫೋಟೊ ಒಂದೂ ಇಲ್ಲ. ಇನ್ನು ನನ್ನ ಗತಿ ಏನು? ನಾಳೆ ನನ್ನ ಮೊಮ್ಮಕ್ಕಳು ಯಾರ್ದೋ ಸೀರೆಗೆ ಕೈ ಮುಗ್ದು ಅಜ್ಜಿ ಅಂತಾವೆ. ನಂಗದು ಬ್ಯಾಡ. ಗ್ವಾಡೆ ಮ್ಯಾಲೆ ನಾನೇ ಇರಬೇಕು. ನೀನು ಒಲೆ ಊದೋ ಕೊಳವೆಯಂಥ ಕ್ಯಾಮೆರಾ ಇಟ್ಕಂಡು ಊರೂರು ತಿರುಗ್ತೀಯಲ್ಲ, ನಂದೊಂದು ಪಟ ತೆಗಿ."

ನನ್ನ ಕ್ಯಾಮೆರಾದ ವಿಚಾರ ಇಲ್ಲಿ ಹೇಳಲೇಬೇಕು. ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಬಿಡುವಿನಲ್ಲಿ ಹಕ್ಕಿ, ಹೂವು, ಬಳ್ಳಿಗಳ ಫೋಟೊ ತೆಗೆಯುವ ಒಂದು ತಂಡದ ಜೊತೆ ತಿರುಗುತ್ತೇನೆ. ತಂಡಕ್ಕೆ ಗುರುಗಳು ಹಿರಿಯೂರಿನ ಒಬ್ಬ ನಿವೃತ್ತ ಎಂಜಿನಿಯರು. ಕೆಲಸದಲ್ಲಿ ಇದ್ದಷ್ಟು ದಿನ ರಸ್ತೆಬದಿಯ ಮರ ಕಡಿಸಿದವರು, ನಿವೃತ್ತರಾದ ಮಾರನೇ ದಿನದಿಂದ ಉಳಿದ ಮರಗಳ ಫೋಟೊ ತೆಗೆಯಲು ಶುರು ಮಾಡಿದರು. ಅವರದು ಒಂದೇ ಮಂತ್ರ, ಫ್ರೇಮಿನೊಳಗೆ ಮನುಷ್ಯ ಬರಕೂಡದು.

ಈ ಮಂತ್ರವನ್ನು ಪಾಲಿಸುವುದು ಎಷ್ಟು ಕಷ್ಟ ಅಂತೀರಿ! ಭರಮಸಾಗರದ ಕೆರೆಗೆ ದೂರದೇಶದ ಬಾತುಗಳು ಬಂದಾಗ ಬೆಳಕು ಹರಿಯುವ ಮೊದಲೇ ಏರಿಯ ಮೇಲೆ ಹೋಗಿ ಕೂರುತ್ತೇವೆ. ಅಷ್ಟರಲ್ಲಿ ಬಟ್ಟೆ ಒಗೆಯುವವರು ಬರುತ್ತಾರೆ. "ಅಮ್ಮಾ, ಸ್ವಲ್ಪ ಆ ಕಡೆ ಹೋಗಿ ಒಗಿರಮ್ಮ" ಎಂದು ಅವರ ಕಲ್ಲು ಬಿಡಿಸಿ ಕಳಿಸುತ್ತೇವೆ. ಆಮೇಲೆ ಎಮ್ಮೆ ಮೈ ತೊಳೆಯುವವನು, ಅವನನ್ನೂ ಕಳಿಸುತ್ತೇವೆ. ಬಬ್ಬೂರಿನ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರು ಬಗ್ಗಿ ಪೈರಿನ ಮರೆಯಾಗುವುದನ್ನೇ ಕಾಯ್ದು ಕ್ಲಿಕ್ ಮಾಡುತ್ತೇವೆ. ಮನೆಗೆ ಬಂದು ಫೋಟೊದ ಕೆಳಗೆ "ಮನುಷ್ಯನ ಸೋಂಕಿಲ್ಲದ ನಿಸರ್ಗ" ಎಂದು ಬರೆದು ಗ್ರೂಪಿಗೆ ಹಾಕುತ್ತೇವೆ. ತಂಡದವರೆಲ್ಲ ಕೈ ಮುಗಿಯುವ ಗುರುತು ಕಳಿಸುತ್ತಾರೆ.

ಅಂಥ ನನ್ನ ಹತ್ತಿರ ಮುದುಕಿಯ ಪಟ ತೆಗಿ ಅಂದರೆ? ಆದರೂ ದೊಡ್ಡವ್ವ ಬಿಡಬೇಕಲ್ಲ. "ನೀನು ತೆಗ್ದ ಕಾಗೆ ಗುಬ್ಬಿನೆಲ್ಲ ಯಾರ ಮನಿ ಗ್ವಾಡೆಗೆ ಹಾಕಿ ಇಬೂತಿ ಹಚ್ತಾರವ್ವ?" ಎಂದು ಕೇಳಿದಳು. ಅವತ್ತೇ ಹಿತ್ತಲಲ್ಲಿ, ನುಗ್ಗೆಮರದ ಕೆಳಗೆ ಸ್ಟೂಲು ಹಾಕಿ ಕೂರಿಸಿದೆ.

ಶಿವನೇ! ಕ್ಯಾಮೆರಾ ಕಣ್ಣಿಗೆ ಏರಿಸಿದೆನೋ ಇಲ್ಲವೋ, ಅಷ್ಟು ಹೊತ್ತು ವಟವಟ ಅನ್ನುತ್ತಿದ್ದವಳು ಉಸಿರು ಬಿಗಿಹಿಡಿದು, ಕಣ್ಣು ಅಗಲಿಸಿ, ಎರಡೂ ಕೈ ಮಂಡಿಯ ಮೇಲಿಟ್ಟು ಕಲ್ಲಾಗಿಬಿಟ್ಟಳು. ಆ ಕಾಲದವರೆಲ್ಲ ಹಾಗೇ. ಫೋಟೊ ಎಂದರೆ ಸರ್ಕಾರ ಕರೆದಾಗ ಹೋಗಿ, ಅಲ್ಲಾಡಬೇಡ ಎಂದು ಬೈಸಿಕೊಂಡು ತೆಗೆಸಿಕೊಳ್ಳುವ ವಸ್ತು. "ನಗು ದೊಡ್ಡವ್ವ" ಅಂದೆ. ತುಟಿಯನ್ನು ಎರಡೂ ಕಡೆ ಎಳೆದಳು, ಕಣ್ಣು ಹಾಗೇ ಇತ್ತು. "ಉಸಿರಾಡು" ಅಂದೆ. "ಅಲ್ಲಾಡ್ತೈತೆ" ಅಂದಳು. ತೆಗೆದಷ್ಟೂ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

"ಥೂ! ಪಂಚಾಯ್ತಿಗೆ ದೂರು ಕೊಡಕ್ಕೆ ಬಂದೋಳಂಗವಳೆ. ಇದಕ್ಕೆ ಆ ಸ್ಟುಡಿಯೊದೋನೇ ವಾಸಿ. ಅಳಿಸಾಕು."

ಆ ದಿನದಿಂದ ದೊಡ್ಡವ್ವ ನನ್ನ ಬೆನ್ನು ಬಿದ್ದಳು. ಫೋನು ಬಂತೆಂದರೆ ಅದೇ ಮಾತು. ಮೊಣಕಾಲು ನೋವು ಹೆಚ್ಚಾದರೂ ಪಟ, ಊರಲ್ಲಿ ಯಾರಾದರೂ ತೀರಿಕೊಂಡರೂ ಪಟ. "ಇವತ್ತು ಇನ್ನೊಬ್ಳು ನವಿಲು ಸೀರೆ ಉಟ್ಕಂಡ್ಲು ಕಣೇ" ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ನಿಜವಾಗಿ ನಡುಗುತ್ತಿತ್ತು. ಆದರೆ ಕ್ಯಾಮೆರಾ ಕಂಡರೆ ಕಲ್ಲಾಗುವವಳ ಮುಖ ಹಿಡಿಯುವುದು ಹೇಗೆ? ಹಕ್ಕಿಗಾದರೆ ಮರೆಯಲ್ಲಿ ಕೂತು ಕಾಯಬಹುದು. ಇವಳಿಗೋ ಓಣಿಯಾಚೆ ಯಾರು ಬಂದರೂ ಅವರ ಚಪ್ಪಲಿ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಹೀಗಿರುವಾಗ ನಮ್ಮ ತಂಡ ಕರಾವಳಿಗೆ ಹೊರಟಿತು. ಕುಂದಾಪುರದಾಚೆ ಒಂದು ಕಡಲತೀರ, ಚಳಿಗಾಲದಲ್ಲಿ ಅಲ್ಲಿಗೆ ಕಡಲಹಕ್ಕಿಗಳು ಗುಂಪುಗುಂಪಾಗಿ ಇಳಿಯುತ್ತವೆ. ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿರುತ್ತದೆ. ಬಾಡಿಗೆ ಗಾಡಿಯಲ್ಲಿ ಒಂದು ಸೀಟು ಖಾಲಿಯಿದೆ ಎಂದು ನಾನು ಬಾಯಿತಪ್ಪಿ ದೊಡ್ಡವ್ವನಿಗೆ ಅಂದಿದ್ದೇ ತಡ, "ನಾನೂ ಬರ್ತೀನಿ" ಅಂದಳು. "ಮಾರಿಕಣಿವೆ ಡ್ಯಾಮು ತುಂಬಿ ಕೋಡಿ ಬಿದ್ದಾಗ ನೋಡೀನಿ. ಸಮುದ್ರ ಅಂದ್ರೆ ಅಷ್ಟೇ ತಾನೆ? ಆದ್ರೂ ನೋಡಾಣ."

ಗಾಡಿ ಹೊಳಲ್ಕೆರೆಗೆ ಬಂದಾಗ ದೊಡ್ಡವ್ವ ರೊಟ್ಟಿಗಂಟು, ಶೇಂಗಾ ಚಟ್ನಿ, ಮಂಡಕ್ಕಿಯ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತನಗೆ ಇಷ್ಟವಾದ ಅರಿಶಿನ ಬಣ್ಣದ ಹತ್ತಿ ಸೀರೆ ಉಟ್ಟಿದ್ದಳು, ಕಂದು ಅಂಚಿನದು. ಒಳಗೆ ಕೂತಿದ್ದ ನಮ್ಮ ತಂಡವನ್ನು ಮೇಲಿಂದ ಕೆಳಗೆ ನೋಡಿದಳು. ನಾವೆಲ್ಲ ಎಲೆಹಸಿರಿನ ಮಚ್ಚೆಮಚ್ಚೆ ಅಂಗಿ, ಪ್ಯಾಂಟು, ಟೋಪಿ ಹಾಕಿದ್ದೆವು. ಹಕ್ಕಿಗೆ ಕಾಣಬಾರದಲ್ಲ.

"ಯಾವ ಯುದ್ಧಕ್ಕೆ ಹೊಂಟೀರ್ರಿ ಎಲ್ರೂ?" ಎಂದು ಕೇಳಿದಳು.

"ಯುದ್ಧ ಅಲ್ಲ ಅಜ್ಜಿ, ಇದು ಕಾಡಿನ ಬಣ್ಣ. ಹಕ್ಕಿಗಳಿಗೆ ನಾವು ಗಿಡ ಅನ್ನಿಸ್ತೀವಿ," ಎಂದು ಗುರುಗಳು ವಿವರಿಸಿದರು.

"ಸಮುದ್ರದ ದಂಡ್ಯಾಗೆ ಗಿಡ ಎಲ್ಲಿರ್ತಾವ್ರಿ?"

ಗುರುಗಳು ಟೋಪಿ ಸರಿಮಾಡಿಕೊಂಡು ಮುಂದೆ ನೋಡಿದರು. ಘಾಟಿ ಇಳಿಯುವಾಗ ಅವಳ ರೊಟ್ಟಿ ಎಲ್ಲರೂ ತಿಂದರು, ಗುರುಗಳು ಚಟ್ನಿ ಎರಡನೇ ಸಲವೂ ಹಾಕಿಸಿಕೊಂಡರು.

ಸಂಜೆಗೆ ಮುಂಚೆ ತೀರ ತಲುಪಿದೆವು. ಸಮುದ್ರ ಕಂಡ ಕೂಡಲೇ ದೊಡ್ಡವ್ವ ಏನೋ ಹೇಳಲು ಬಾಯಿ ತೆಗೆದವಳು ಹಾಗೇ ನಿಂತಳು. ಅವಳು ಬಾಯಿ ತೆಗೆದು ಮಾತಾಡದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಎಷ್ಟೋ ಹೊತ್ತಾದ ಮೇಲೆ, "ಇದಕ್ಕೆ ಆ ಕಡೆ ಏರಿ ಇಲ್ವೇನೆ?" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಅಂದೆ. "ಮತ್ಯಾರು ಹಿಡ್ದವ್ರೆ ಇದನ್ನ?" ಎಂದವಳೇ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿಕಟ್ಟಿ, ಮಂಡಕ್ಕಿಯ ಚೀಲ ಹಿಡಿದೇ ನೀರಿನ ಕಡೆ ನಡೆದಳು.

ಇತ್ತ ನಮ್ಮ ಕೆಲಸ ಶುರುವಾಯಿತು. ಮನುಷ್ಯರಿಲ್ಲದ ಕಡಲತೀರ ಸುಮ್ಮನೆ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಮೊದಲು ಗುರುಗಳ ಅಪ್ಪಣೆಯಂತೆ ಫ್ರೇಮಿನೊಳಗಿದ್ದ ಹಳೇ ಚಪ್ಪಲಿ, ನೀರಿನ ಬಾಟಲಿ, ಹರಿದ ಬಲೆಯ ತುಂಡುಗಳನ್ನೆಲ್ಲ ಎತ್ತಿ ಫ್ರೇಮಿನ ಆಚೆಗೆ ಒಟ್ಟಿದೆವು. ಆಚೆಗೆ ಅಂದರೆ ಒಂದು ಮಾರು ಆಚೆಗೆ ಅಷ್ಟೆ, ಊರ ಆಚೆಗಲ್ಲ. ಆಮೇಲೆ ದಡದಲ್ಲಿ ಮೀನು ಒಣಹಾಕಿಕೊಂಡಿದ್ದವರ ಹತ್ತಿರ ಹೋಗಿ ಇನ್ನೊಂದು ತಾಸು ದೋಣಿಯ ಮರೆಗೆ ಇರುತ್ತೀರಾ ಎಂದು ಕೇಳಿದೆವು. ಅವರು ಮುಖಮುಖ ನೋಡಿಕೊಂಡು, ಇವರಿಗೆ ಏನೋ ತೊಂದರೆ ಇರಬೇಕು ಎನ್ನುವ ಕನಿಕರದಿಂದ ಸರಿದರು. ಆಗ ನೋಡಿ, ತೀರ ನಿರ್ಮಲವಾಯಿತು. ಕಡಲಹಕ್ಕಿಗಳ ಗುಂಪು ಅಲೆಯ ಅಂಚಿಗೆ ಇಳಿಯಿತು. ಬಿಸಿಲು ಹೊಂಬಣ್ಣಕ್ಕೆ ತಿರುಗಿತು. ನಾವೆಲ್ಲ ಕ್ಯಾಮೆರಾ ಕಣ್ಣಿಗೆ ಹಚ್ಚಿದೆವು.

ಎಲ್ಲರ ಕ್ಯಾಮೆರಾದಲ್ಲೂ ದೊಡ್ಡವ್ವ.

"ಅಜ್ಜೀ, ಸ್ವಲ್ಪ ಎಡಕ್ಕೆ!" ಅವಳು ಎಡಕ್ಕೆ ಸರಿದಳು. ಹಕ್ಕಿಗಳೂ ಎಡಕ್ಕೆ ಹೋದವು. "ಅಜ್ಜೀ, ಬಲಕ್ಕೆ ಬರ್ರಿ!" ಬಲಕ್ಕೆ ಬಂದಳು. ಅವಳ ಕೈಯ ಮಂಡಕ್ಕಿಯ ಆಸೆಗೆ ಹಕ್ಕಿಗಳೂ ಬಲಕ್ಕೆ ಬಂದವು. ನಮ್ಮ ಮಚ್ಚೆ ಅಂಗಿಗೆ ಹೆದರಿ ದೂರ ಹಾರುತ್ತಿದ್ದ ಹಕ್ಕಿಗಳು ಅರಿಶಿನ ಸೀರೆಯ ಮುದುಕಿಯ ಕಾಲ ಬುಡದಲ್ಲಿ ಓಡಾಡುತ್ತಿದ್ದವು. ಗುರುಗಳು ಹಲ್ಲು ಕಚ್ಚಿ, "ಮೇಡಂ, ದಯವಿಟ್ಟು ನಿಮ್ಮ ದೊಡ್ಡಮ್ಮನ್ನ ಗಾಡಿಯಲ್ಲಿ ಕೂರಿಸ್ತೀರಾ?" ಅಂದರು. ನನಗೂ ರೇಗಿತ್ತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. "ನೀವೇ ಹೇಳ್ರಿ ಸರ್, ನನ್ನ ಮಾತು ಕೇಳಲ್ಲ" ಅಂದುಬಿಟ್ಟೆ.

ಅವರು ಬೇರೆ ಉಪಾಯ ಹೂಡಿದರು. ಇನ್ನೂ ಕೆಳಮಟ್ಟದಿಂದ ತೆಗೆದರೆ ಅಜ್ಜಿ ತಪ್ಪುತ್ತಾಳೆ ಎಂದು ಒದ್ದೆ ಮರಳಿನ ಮೇಲೆ ಬೋರಲು ಮಲಗಿದರು. ಮೊಣಕೈ ಊರಿ ತೆವಳುತ್ತಾ ತೆವಳುತ್ತಾ ಅಲೆಯ ಅಂಚಿನವರೆಗೂ ಹೋದರು. ಕಣ್ಣೆಲ್ಲ ಹಕ್ಕಿಯ ಮೇಲೆ. ದೊಡ್ಡವ್ವ ನಿಂತು ನೋಡುತ್ತಿದ್ದಳು, ದೊಡ್ಡ ಹುದ್ದೆಯಲ್ಲಿದ್ದ ಮನುಷ್ಯ ಯಾಕೆ ಹೀಗೆ ಹೊಟ್ಟೆ ಉಜ್ಜುತ್ತಾ ಹೋಗುತ್ತಿದ್ದಾನೆ ಎಂದು. ಅಷ್ಟರಲ್ಲಿ ಸಮುದ್ರ ತನ್ನ ಪಾಡಿಗೆ ಒಂದು ದೊಡ್ಡ ಅಲೆ ಕಳಿಸಿತು.

ಗುರುಗಳು ಪೂರಾ ಮುಳುಗಿದರು. ಕಂಡದ್ದು ಎರಡು ಕೈ ಮತ್ತು ಕೈಗಳಲ್ಲಿ ಮೇಲೆತ್ತಿ ಹಿಡಿದ ಕ್ಯಾಮೆರಾ. ಅಲೆ ಹಿಂದಕ್ಕೆ ಸರಿಯುವಾಗ ಅವರನ್ನು ಒಂದು ಉರುಳು ಉರುಳಿಸಿ, ಟೋಪಿ ತೆಗೆದುಕೊಂಡು ಹೋಯಿತು. ಎದ್ದು ಕೂತಾಗ ಅವರ ಬೆನ್ನ ಮೇಲೆ ಒಂದು ಏಡಿ ಓಡುತ್ತಿತ್ತು. ಆಗಲೂ ಅವರು ಕೇಳಿದ್ದು, "ಲೆನ್ಸಿಗೆ ನೀರು ತಾಗಿತಾ?" ಎಂದು.

ಆಗ ದೊಡ್ಡವ್ವ ನಕ್ಕಳು. ನಗು ಅಂದರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುವುದಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಪೂರ್ತಿ ತೆಗೆದು, ಉಳಿದಿದ್ದ ಹಲ್ಲುಗಳನ್ನೂ ಇಲ್ಲದ ಹಲ್ಲುಗಳ ಜಾಗವನ್ನೂ ತೋರಿಸಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹಣೆಯ ವಿಭೂತಿ ನೀರಿಗೆ ಕದಡಿ ಹುಬ್ಬಿನವರೆಗೆ ಇಳಿದಿತ್ತು, ಸೆರಗು ಗಾಳಿಗೆ ಎದ್ದಿತ್ತು. ಹಿಂದೆ ಏರಿಯಿಲ್ಲದ ಅಷ್ಟು ನೀರು. ನಾನು ಹಕ್ಕಿಗೆಂದು ಹೂಡಿಕೊಂಡಿದ್ದ ಉದ್ದನೆಯ ಲೆನ್ಸನ್ನು ಅವಳತ್ತ ತಿರುಗಿಸಿ ಒತ್ತಿದೆ. ಅವಳಿಗೆ ಗೊತ್ತೇ ಆಗಲಿಲ್ಲ. ಮರೆಯಲ್ಲಿ ಕೂತು ಹಕ್ಕಿಗೆ ಕಾದದ್ದು ಅಷ್ಟಾದರೂ ಉಪಯೋಗಕ್ಕೆ ಬಂತು.

ಗಾಡಿಯಲ್ಲಿ ವಾಪಸು ಬರುವಾಗ ಗುರುಗಳಿಗೆ ಅದನ್ನು ತೋರಿಸಿದೆ. ದೊಡ್ಡವ್ವನದೇ ಶಾಲು ಹೊದ್ದು ನಡುಗುತ್ತಾ ಕೂತಿದ್ದವರು ಗಂಭೀರವಾಗಿ ನೋಡಿ, "ಬೆಳಕು ಹೆಚ್ಚಾಗಿ ಆಕಾಶ ಸುಟ್ಟು ಹೋಗಿದೆ ಮೇಡಂ. ಮೂಲೆಯಲ್ಲಿ ಹಕ್ಕಿಯ ರೆಕ್ಕೆ ತುಂಡಾಗಿದೆ. ಆಮೇಲೆ, ಮಧ್ಯದಲ್ಲಿ ಅಜ್ಜಿ ಅಡ್ಡ ಬಂದಿದ್ದಾರೆ" ಅಂದರು. ಗ್ರೂಪಿಗೆ ಹಾಕಬೇಡಿ ಎಂದೂ ಸೇರಿಸಿದರು.

ಹೊಳಲ್ಕೆರೆಯಲ್ಲಿ ದೊಡ್ಡವ್ವನಿಗೆ ತೋರಿಸಿದಾಗ ಅವಳು ಕನ್ನಡಕ ಏರಿಸಿದಳು. ಬೆರಳಿನಿಂದ ಪರದೆಯ ಮೇಲೆ ತನ್ನ ಕೆನ್ನೆ ಮುಟ್ಟಿ ನೋಡಿದಳು.

"ಇವ್ಳು ನಾನು," ಅಂದಳು ಕೊನೆಗೆ. "ಅಯ್ಯೋ ಶಿವನೇ, ನಾನು ಹಿಂಗೆ ನಗ್ತೀನೇನೆ? ಚೆನ್ನಾಗೈತೆ ಕಣೇ! ಇದೇ ಹಾಕ್ಸು. ಇದೇ."

ಅಣ್ಣ ಬಗ್ಗಿ ನೋಡಿದ. ಅವನ ಮುಖ ಇಳಿಯಿತು. ಅವನು ಕೆಟ್ಟವನಲ್ಲ. ತಾಯಿಗೆ ಹೊತ್ತೊತ್ತಿಗೆ ಮಾತ್ರೆ ಕೊಡುವವನು, ಮೊಣಕಾಲಿಗೆ ತಾನೇ ಎಣ್ಣೆ ತಿಕ್ಕುವವನು. ಆದರೆ ಅಂಗಡಿಯ ಮನುಷ್ಯ, ನಾಲ್ಕು ಜನ ಏನಂತಾರೆ ಎನ್ನುವುದು ಅವನಿಗೆ ಬೆಳಗಿನ ಕಾಫಿಯ ಜೊತೆಗೇ ಶುರುವಾಗುವ ಚಿಂತೆ.

"ಅವ್ವ, ಇದನ್ನ ಗ್ವಾಡೆಗೆ ಹಾಕಕ್ಕಾಗುತ್ತಾ? ಹಲ್ಲೆಲ್ಲ ಕಾಣ್ತಾ ಐತೆ. ಸೆರಗು ಎಲ್ಲೋ ಹೋಗೈತೆ. ಮಠದ ಸ್ವಾಮ್ಗಳು ಪಾದ ಬೆಳೆಸೋ ಮನೆ ಇದು. ಸತ್ತೋರು ಯಾರಾದ್ರೂ ಹಿಂಗೆ ನಗ್ತಾರಾ?"

"ಸತ್ತೋರು ನಗಲ್ಲ. ಅದಕ್ಕೇ ಇರೋವಾಗ್ಲೇ ನಕ್ಕೀನಿ," ಎಂದಳು ದೊಡ್ಡವ್ವ.

ಅವನು ಒಪ್ಪಲಿಲ್ಲ. ಮುಖ ಇದೇ ಇರಲಿ, ಬಾಯಿ ಮಾತ್ರ ಸ್ಟುಡಿಯೊದವನ ಹತ್ತಿರ ಸರಿಮಾಡಿಸೋಣ ಎಂದ. ಮಾರನೇ ದಿನ ದೊಡ್ಡವ್ವ ನನ್ನನ್ನೂ ಕರೆದುಕೊಂಡು ತಾನೇ ಸ್ಟುಡಿಯೊಗೆ ನಡೆದಳು. ತನ್ನ ಪಟಕ್ಕೆ ಕಟ್ಟು ಹಾಕಿಸಲು ತಾನೇ ಬಂದ ಗಿರಾಕಿಯನ್ನು ಅವನು ಕಂಡಿರಲಿಲ್ಲ. ತಬ್ಬಿಬ್ಬಾಗಿ ಎದ್ದು ನಿಂತ. ಆದರೂ ಕಸುಬು ಬಿಡುವುದಿಲ್ಲವಲ್ಲ, ಫೋಟೊ ಪರದೆಯ ಮೇಲೆ ಬಂದ ಕೂಡಲೇ ಅವನ ಕೈ ತಾನಾಗಿ ಓಡಿತು.

"ಕುಂತ್ಕಳ್ರಿ ಅಜ್ಜಿ. ಬಣ್ಣ ಒಂಚೂರು ಬೆಳ್ಳಗೆ ಮಾಡ್ತೀನಿ. ಸೀರೆ ರೇಷ್ಮೆದು ಹಾಕ್ತೀನಿ. ಬಾಯಿ ಮುಚ್ಚಿಸ್ಲಾ?"

"ನನ್ನ ಬಾಯಿ ಮುಚ್ಚಿಸಕ್ಕೆ ನಮ್ಮ ಯಜಮಾನ್ರ ಕೈಲೇ ಆಗ್ಲಿಲ್ಲ. ನಿನ್ನ ಕೈಲಾಗ್ತೈತೇನಪ್ಪ? ಏನೂ ಮುಟ್ಟಬ್ಯಾಡ. ಇದ್ದಂಗೆ ಹಾಕಿ ಕೊಡು."

ಇದ್ದಂಗೆ ಹಾಕಿ ಕೊಟ್ಟ. ತನ್ನ ಅಂಗಡಿಯ ಹೆಸರಿನ ಚೀಟಿ ಮಾತ್ರ ಅದರ ಹಿಂದೆ ಅಂಟಿಸಲಿಲ್ಲ. ಇಂಥ ಕೆಲಸ ಇವನದು ಎಂದು ಊರಿಗೆ ಗೊತ್ತಾಗುವುದು ಬೇಡವಾಗಿತ್ತು.

ಪಟ ಮನೆಗೆ ಬಂತು. ಬೀರುವಿನಲ್ಲಿ ಇಟ್ಟಿರೋಣ, ಕಾಲ ಬಂದಾಗ ನೋಡೋಣ ಎಂದ ಅಣ್ಣ. ಎಲ್ಲ ಮನೆಗಳಲ್ಲೂ ಅದೇ ರೂಢಿ, ಬದುಕಿರುವವರ ಪಟವನ್ನು ತೀರಿಕೊಂಡವರ ಸಾಲಿಗೆ ಹಾಕುವುದಿಲ್ಲ, ಅಪಶಕುನ. ಆದರೆ ದೊಡ್ಡವ್ವನಿಗೆ ಮಗನ "ಕಾಲ ಬಂದಾಗ" ಎನ್ನುವ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ತಾನು ಕಣ್ಣು ಮುಚ್ಚಿದ ಕೂಡಲೇ ನವಿಲು ಸೀರೆ ಬರುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಅಣ್ಣ ಅಂಗಡಿಗೆ ಹೋದ ಮೇಲೆ ಸ್ಟೂಲು ಹತ್ತಿ, ದೊಡ್ಡಪ್ಪನ ಪಕ್ಕದಲ್ಲಿ ತಾನೇ ಮೊಳೆ ಹೊಡೆದು, ತನ್ನನ್ನು ತಾನೇ ತೂಗುಹಾಕಿದಳು. ಫೋನು ಮಾಡಿ, "ಹಾಕ್ದೆ ಕಣೇ, ನಿಮ್ಮ ದೊಡ್ಡಪ್ಪನ ಎಡಕ್ಕೆ. ಮದ್ವೇಲೂ ಎಡಕ್ಕೇ ಕುಂತಿದ್ದೆ" ಎಂದಳು.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಬಂದವರ ಕಣ್ಣು ಮೊದಲು ಗೋಡೆಗೆ ಹೋಗುತ್ತಿತ್ತು. ಬಾಗೂರಿನ ಒಬ್ಬ ನೆಂಟಳು ಹೊಸ್ತಿಲು ದಾಟಿದವಳೇ ಪಟ ನೋಡಿ ಎದೆ ಹಿಡಿದುಕೊಂಡು, "ಅಯ್ಯೋ ನನ್ನವ್ವ, ಯಾವಾಗ ಹೋದ್ಯೇ, ನಂಗೊಂದು ಮಾತೂ ತಿಳಿಸಲಿಲ್ವಲ್ಲೇ" ಎಂದು ರಾಗ ತೆಗೆದಳು. ಅಡುಗೆಮನೆಯಿಂದ ದೊಡ್ಡವ್ವ ಲೋಟ ಹಿಡಿದು ಬಂದು, "ಇನ್ನೂ ಹೋಗಿಲ್ಲ, ಕಾಫಿ ಕುಡಿ" ಅಂದಳು. ಆ ಹೆಂಗಸು ಕಿರುಚಿದ್ದು ಪೇಟೆಬೀದಿಯವರೆಗೂ ಕೇಳಿಸಿತಂತೆ. ಇನ್ನೊಬ್ಬರು ಹಿರಿಯರು ಎರಡು ನಿಮಿಷ ತಲೆ ತಗ್ಗಿಸಿ ಮೌನವಾಗಿ ನಿಂತರು. ತಿರುಗಿದರೆ ದೊಡ್ಡವ್ವನೂ ಅವರ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

ಅಣ್ಣ ಅಂಗಡಿಯಿಂದ ಬಂದವನೇ ಪಟ ಇಳಿಸುತ್ತಿದ್ದ. ಅವನು ಹೋದ ಮೇಲೆ ಅವಳು ಏರಿಸುತ್ತಿದ್ದಳು. ಮೊಳೆ ಕಿತ್ತರೆ ಬೇರೆ ಮೊಳೆ. "ನೀನು ಸ್ಟೂಲಿಂದ ಬಿದ್ದು ನಿಜವಾಗಿ ಹೋಗ್ತೀಯ" ಎಂದು ಅವನು ಕೂಗಾಡಿದ. "ಹೋದ್ರೆ ಪಟ ರೆಡಿ ಐತೆ" ಎಂದಳು. ಅತ್ತಿಗೆ ಮಾತ್ರ ಇಬ್ಬರ ನಡುವೆ ಬಾಯಿ ಹಾಕದೆ ಪಟದ ಗಾಜು ಒರೆಸಿಡುತ್ತಿದ್ದಳು. ಬರಬರುತ್ತಾ ಅಣ್ಣ ಸೋತ. ಓಣಿಯವರಿಗೂ ರೂಢಿಯಾಯಿತು. ಬೆಳಿಗ್ಗೆ ದೊಡ್ಡವ್ವ ಸಾಲಾಗಿ ಎಲ್ಲ ಪಟಗಳಿಗೆ ವಿಭೂತಿ ಹಚ್ಚುತ್ತಾ ಬಂದು, ತನ್ನ ಪಟದ ಮುಂದೆ ನಿಂತು, ಉಳಿದದ್ದನ್ನು ತನ್ನ ಹಣೆಗೆ ಹಚ್ಚಿಕೊಳ್ಳುತ್ತಿದ್ದಳು.

ಮುಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡವ್ವ ಹೋದಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಸುದ್ದಿ ತಿಳಿದು ಚಿತ್ರದುರ್ಗದಿಂದ ಓಡಿದೆ. ಓಣಿಯ ಬಾಯಲ್ಲಿ ಆಗಲೇ ಫ್ಲೆಕ್ಸ್ ಕಟ್ಟಿದ್ದರು. ನೋಡಿದೆ. ನವಿಲು ಬಣ್ಣದ ರೇಷ್ಮೆ ಸೀರೆ. ಎರಡೆಳೆ ಸರ. ರೇಷನ್ ಕಾರ್ಡಿನ ಮುಖ, ಬಾಯಿ ಬಿಗಿದದ್ದು. ಅಣ್ಣ ಎಂದೋ ಮಾಡಿಸಿ ಇಟ್ಟುಕೊಂಡಿದ್ದನಂತೆ, ಸಮಯಕ್ಕೆ ಇರಲಿ ಎಂದು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅವಳು ಅಷ್ಟು ಹೆದರಿದ್ದು ಇದಕ್ಕೇ, ಅದೇ ಆಯಿತಲ್ಲ. ಒಳಗೆ ಹೋಗಿ ಅವನನ್ನು ಎಲ್ಲರ ಮುಂದೆ ಬೈಯಬೇಕೆಂದೇ ನಡೆದೆ.

ಬಾಗಿಲಲ್ಲಿ ಅವನೇ ನಿಂತಿದ್ದ, ಅತ್ತು ಮುಖ ಊದಿತ್ತು. ನನ್ನ ಹಿಂದೆಯೇ ಬಾಗೂರಿನ ಆ ನೆಂಟಳು ಏದುಸಿರು ಬಿಡುತ್ತಾ ಬಂದಳು.

"ಏನಪ್ಪ, ನಿಮ್ಮ ಓಣ್ಯಾಗೆ ಇನ್ಯಾರೋ ಹೋಗವ್ರಲ್ಲ, ಅಲ್ಲಿ ಪಟ ಕಟ್ಟವ್ರೆ? ಒಂದೇ ದಿನ ಎರಡು ಸಾವಾ?" ಎಂದು ಕೇಳಿದಳು.

ಅಣ್ಣ ಅವಳನ್ನೇ ನೋಡಿದ. ಚಪ್ಪಲಿಯೂ ಮೆಟ್ಟದೆ ಓಣಿಯ ಬಾಯಿಗೆ ನಡೆದು, ಹಗ್ಗ ಬಿಚ್ಚುವ ತಾಳ್ಮೆ ಇಲ್ಲದೆ ಫ್ಲೆಕ್ಸನ್ನು ಎಳೆದು ಕಿತ್ತ. ಅದನ್ನು ಮಡಚಿ ಮಡಚಿ ಚರಂಡಿಯ ಪಕ್ಕ ಇಟ್ಟು ಬಂದ. ನನ್ನ ಬೈಗುಳ ನನ್ನ ಬಾಯಲ್ಲೇ ಉಳಿಯಿತು.

ನಡುಮನೆಯಲ್ಲಿ ನಮ್ಮವರ ರೂಢಿಯಂತೆ ದೊಡ್ಡವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಮೈತುಂಬ ವಿಭೂತಿ, ಹೂವು. ಅವಳಿಗೆ ಮೇಲ್ಗಡೆ ಗೋಡೆಯಲ್ಲಿ ಅವಳ ಪಟ. ಪೂಜೆ ಮಾಡಿಸುತ್ತಿದ್ದ ಅಯ್ಯನವರು ಪಟಕ್ಕೂ ಹಾರ ಆಗಲಿ ಎಂದರು. ಅಣ್ಣ ಚೆಂಡುಹೂವಿನ ಹಾರ ತೆಗೆದುಕೊಂಡು ಸ್ಟೂಲು ಹತ್ತಿದ. ಹತ್ತಿ, ಹಾರವನ್ನು ಎರಡೂ ಕೈಯಲ್ಲಿ ಹಿಡಿದು, ಪಟದ ಮುಂದೆ ನಿಂತ. ಕೆಳಗೆ ಎಲ್ಲರೂ ಕಾಯುತ್ತಿದ್ದರು. ಅವನು ಕೈ ಎತ್ತಿದ, ಇಳಿಸಿದ. ಮತ್ತೆ ಎತ್ತಿದ.

"ಆಗಲ್ಲ ಕಣೇ," ಎಂದ, ನನ್ನ ಕಡೆ ತಿರುಗಿ. "ಇಷ್ಟು ದಿನ ನಾನು ಅಂಗಡಿಯಿಂದ ಬಂದ್ರೆ ಹಿಂಗೇ ನಗ್ತಿದ್ಲು. ಈಗ್ಲೂ ನಗ್ತವಳೆ. ಇಂಥೋಳಿಗೆ ಹೆಂಗೆ ಹಾಕ್ಲಿ? ನೀನೇ ತೆಗ್ದಿದ್ದು, ನೀನೇ ಹಾಕು."

ನಾನು ಸ್ಟೂಲು ಹತ್ತಿದೆ. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿದೆ. ನನ್ನ ಕೈಯೂ ಏಳಲಿಲ್ಲ. ಹಾರವನ್ನು ಕೆಳಗೆ ಅತ್ತಿಗೆಯ ಕೈಗೆ ಕೊಟ್ಟೆ, ಅವಳು ಪಕ್ಕದವರಿಗೆ ಕೊಟ್ಟಳು. ದೊಡ್ಡವ್ವನ ಪಟಕ್ಕೆ ಇವತ್ತಿನವರೆಗೂ ಹಾರ ಹಾಕಿಲ್ಲ.